ಕೆಲಸ, ಮನೆ, ಆರೋಗ್ಯ: ದಿನದಿನದ ಅನುಭವವನ್ನು ದಾಖಲಿಸಿ ಓದುವ ಕ್ರಮ

ಕೆಲಸದ ಒತ್ತಡದಿಂದ ನಿದ್ದೆ ಕೆಟ್ಟಿದೆ, ಮನೆಯ ಚಿಂತೆಯಿಂದ ಕೆಲಸದಲ್ಲಿ ಮನಸ್ಸು ನಿಲ್ಲುತ್ತಿಲ್ಲ, ಬೆನ್ನುನೋವಿನಿಂದಾಗಿ ಮಕ್ಕಳ ಮೇಲೆ ಸಿಡುಕುತ್ತಿದ್ದೇನೆ ಎಂಬಂಥ ಮಾತುಗಳನ್ನು ನಾವು ಹೆಚ್ಚು ಯೋಚಿಸದೆಯೇ ಆಡುತ್ತೇವೆ. ಇಂಥ ಒಂದೊಂದು ಮಾತಿನಲ್ಲೂ ಯಾವುದು ಕಾರಣ, ಯಾವುದು ಪರಿಣಾಮ ಎಂಬುದನ್ನು ಆಗಲೇ ತೀರ್ಮಾನಿಸಿರುತ್ತೇವೆ; ಕೆಲಸ ಬಿಡುವುದು, ಮನೆಯವರೊಡನೆ ಮಾತು ನಿಲ್ಲಿಸುವುದು, ಚಿಕಿತ್ಸೆ ಬದಲಿಸುವುದು ಮುಂತಾದ ದೊಡ್ಡ ಹೆಜ್ಜೆಗಳನ್ನೂ ಅದೇ ತೀರ್ಮಾನದ ಬಲದ ಮೇಲೆ ಇಡುತ್ತೇವೆ. ತೀರ್ಮಾನ ಸರಿಯಿರಲೂಬಹುದು. ಆದರೆ ಅದು ಬಹುಮಟ್ಟಿಗೆ ನೆನಪನ್ನು ನೆಚ್ಚಿಕೊಂಡು ಮೂಡಿದ್ದು, ಮತ್ತು ಭಾವನೆಗಳ ವಿಷಯದಲ್ಲಿ ನೆನಪನ್ನು ಪೂರ್ತಿ ನೆಚ್ಚುವಂತಿಲ್ಲ.

ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ಮತ್ತು ಅವರ ಸಂಗಡಿಗರು 1993ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದನ್ನು ಸ್ಪಷ್ಟವಾಗಿ ತೋರಿಸುತ್ತದೆ. ಅದರಲ್ಲಿ ಭಾಗವಹಿಸಿದವರು ಒಂದು ಸಲ 14 ಡಿಗ್ರಿ ಸೆಲ್ಸಿಯಸ್‌ನ ತಣ್ಣೀರಿನಲ್ಲಿ 60 ಸೆಕೆಂಡು ಕೈಯಿಟ್ಟಿದ್ದರು. ಇನ್ನೊಂದು ಸಲ ಅಷ್ಟೇ ತಣ್ಣಗಿನ ನೀರಿನಲ್ಲಿ 60 ಸೆಕೆಂಡು ಇಟ್ಟ ಮೇಲೆ, ನೀರನ್ನು ನಿಧಾನವಾಗಿ 15 ಡಿಗ್ರಿಗೆ ಏರಿಸುತ್ತಿದ್ದ ಇನ್ನೂ 30 ಸೆಕೆಂಡು ಕೈಯನ್ನು ಹೊರತೆಗೆಯದೆ ಕುಳಿತಿದ್ದರು. ಎರಡರಲ್ಲಿ ಒಂದನ್ನು ಮತ್ತೆ ಮಾಡಬೇಕೆಂದಾಗ ಹೆಚ್ಚಿನವರು ಆರಿಸಿಕೊಂಡದ್ದು ಹೆಚ್ಚು ಹೊತ್ತು ನೋವಿದ್ದ ಎರಡನೆಯದನ್ನು, ಏಕೆಂದರೆ ಅದು ಕೊನೆಗೊಂಡ ಬಗೆ ಸ್ವಲ್ಪ ಹಿತವಾಗಿತ್ತು. ನೋವು ಎಷ್ಟು ಹೊತ್ತು ಇತ್ತೆಂಬುದನ್ನು ನೆನಪು ಅಷ್ಟಾಗಿ ಲೆಕ್ಕಕ್ಕೆ ಹಿಡಿಯದೆ, ಅದರ ತುದಿಮುಟ್ಟಿದ ಗಳಿಗೆಯನ್ನೂ ಕೊನೆಯ ಗಳಿಗೆಯನ್ನೂ ಮುಖ್ಯವಾಗಿ ಉಳಿಸಿಕೊಂಡಿತ್ತು. ಒಂದು ವಾರದ ಕೆಲಸವನ್ನೋ ಒಂದು ತಿಂಗಳ ಕಾಯಿಲೆಯನ್ನೋ ನಾವು ನೆನೆಯುವಾಗಲೂ ಹೀಗೇ ಆಗುತ್ತದೆ ಎಂದುಕೊಂಡರೆ, ಶುಕ್ರವಾರ ಸಂಜೆಯ ಒಂದು ಕಹಿ ಮಾತು ಉಳಿದ ನಾಲ್ಕು ದಿನಗಳ ನೆಮ್ಮದಿಯನ್ನು ಹೇಗೆ ಅಳಿಸಿಬಿಡಬಲ್ಲದು ಎಂಬುದು ಅರ್ಥವಾಗುತ್ತದೆ.

ಆದ್ದರಿಂದ ಈ ಮೂರರ ನಂಟನ್ನು ನಿಮ್ಮ ಬದುಕಿನಲ್ಲಿ ತಿಳಿಯಬೇಕೆಂದಿದ್ದರೆ, ಅನುಭವ ಆಗುವ ಹೊತ್ತಿಗೆ ಆದಷ್ಟು ಹತ್ತಿರದಲ್ಲೇ ಅದನ್ನು ಬರೆದಿಟ್ಟು, ಸಾಕಷ್ಟು ದಿನ ಕಳೆದ ಮೇಲೆ ತಾಳ್ಮೆಯಿಂದ ಓದಬೇಕು. ನಾಲ್ಕು ವಾರ ಬೇಕಾಗುತ್ತದೆ. ಒಂದು ಪುಸ್ತಕ ಅಥವಾ ಮೊಬೈಲಿನ ಟಿಪ್ಪಣಿ ಪುಟ ಇದ್ದರೆ ಸಾಕು. ವಿಶೇಷ ಆ್ಯಪ್ ಬೇಕಿಲ್ಲ.

ಮೊದಲು ಮೂರು ಬಗೆಯ ಅನುಭವವನ್ನು ಬೇರೆಮಾಡಿಕೊಳ್ಳಿ

‘ಹೇಗಿದ್ದೀರಿ’ ಎಂಬ ಪ್ರಶ್ನೆಗೆ ನಾವು ಕೊಡುವ ಉತ್ತರದಲ್ಲಿ ಮೂರು ಬೇರೆ ಬೇರೆ ಸಂಗತಿಗಳು ಬೆರೆತಿರುತ್ತವೆ. ಒಂದು, ಈ ಗಳಿಗೆಯಲ್ಲಿ ಅನ್ನಿಸುತ್ತಿರುವುದು: ಸುಸ್ತು, ಖುಷಿ, ಆತಂಕ, ಸಮಾಧಾನ. ಎರಡು, ಒಟ್ಟಾರೆ ಬದುಕಿನ ಬಗ್ಗೆಯೋ ಅದರ ಒಂದು ಭಾಗದ ಬಗ್ಗೆಯೋ ನಾವು ಕೊಡುವ ತೀರ್ಪು. ಮೂರು, ಮಾಡುತ್ತಿರುವುದಕ್ಕೆ ಅರ್ಥವಿದೆಯೇ, ಅದು ಸಾರ್ಥಕವೇ ಎಂಬ ಅನಿಸಿಕೆ. ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆಯು ಜನರ ಕ್ಷೇಮಭಾವವನ್ನು ಅಳೆಯುವ ಬಗ್ಗೆ 2013ರಲ್ಲಿ ಹೊರತಂದ ಮಾರ್ಗಸೂಚಿಯೂ ಈ ಮೂರನ್ನು ಪ್ರತ್ಯೇಕವಾಗಿಯೇ ಕೇಳಬೇಕೆನ್ನುತ್ತದೆ.

ಇದು ಕೇವಲ ವಿದ್ವಾಂಸರಿಗೆ ಬೇಕಾದ ವಿಂಗಡಣೆಯಲ್ಲ. ಹಾಸಿಗೆ ಹಿಡಿದ ತಂದೆಯನ್ನು ನೋಡಿಕೊಳ್ಳುತ್ತಿರುವ ಮಗಳು ರಾತ್ರಿ ಮೂರು ಸಲ ಎದ್ದು ಬಳಲಿರುತ್ತಾಳೆ. ಆ ಗಳಿಗೆಯ ಭಾವ ಕೇಳಿದರೆ ದಣಿವು, ಬೇಸರ ಎನ್ನುತ್ತಾಳೆ. ಅದೇ ಕೆಲಸ ಸಾರ್ಥಕವೇ ಎಂದು ಕೇಳಿದರೆ ಆಕೆ ತಡಮಾಡದೆ ಹೌದೆನ್ನಬಹುದು. ಎರಡೂ ನಿಜ. ಎರಡನ್ನೂ ಒಂದೇ ಅಂಕಿಯಲ್ಲಿ ತುರುಕಿದರೆ ಒಂದೋ ಆಕೆಯ ದಣಿವು ಕಾಣಿಸುವುದಿಲ್ಲ, ಇಲ್ಲವೇ ಆಕೆಯ ಪ್ರೀತಿಯ ಮೇಲೆ ಅನುಮಾನ ಬರುತ್ತದೆ. ಮನೆಯಲ್ಲಿ ಆರೈಕೆ ಮಾಡುವವರು ತಮ್ಮ ಆಯಾಸವನ್ನು ಹೇಳಿಕೊಳ್ಳಲು ಹಿಂಜರಿಯುವುದಕ್ಕೆ ಈ ಬೆರಕೆಯೇ ಒಂದು ದೊಡ್ಡ ಕಾರಣ ಎಂದು ನಾನು ನಂಬುತ್ತೇನೆ.

ಹಾಗಾಗಿ ಕ್ಷಣದ ಭಾವವನ್ನು ದಿನಕ್ಕೆ ಹಲವು ಸಲ ಬರೆಯಿರಿ, ಸಾರ್ಥಕತೆಯನ್ನು ದಿನಕ್ಕೊಮ್ಮೆ ಬರೆಯಿರಿ, ಒಟ್ಟು ತೀರ್ಪನ್ನು ವಾರಕ್ಕೊಮ್ಮೆ ಮಾತ್ರ ಬರೆಯಿರಿ. ಒಟ್ಟು ತೀರ್ಪಿಗೆ ಹ್ಯಾಡ್ಲಿ ಕ್ಯಾಂಟ್ರಿಲ್ 1965ರಲ್ಲಿ ಪ್ರಕಟಿಸಿದ ಏಣಿಯ ಪ್ರಶ್ನೆ ಚೆನ್ನಾಗಿ ಒದಗುತ್ತದೆ: 0ಯಿಂದ 10ರವರೆಗೆ ಮೆಟ್ಟಿಲುಗಳಿರುವ ಏಣಿಯಲ್ಲಿ ತುದಿಯ ಮೆಟ್ಟಿಲು ನಿಮಗೆ ಸಾಧ್ಯವಿರುವ ಅತ್ಯುತ್ತಮ ಬದುಕು, ಕೆಳಗಿನದು ಅತ್ಯಂತ ಕೆಟ್ಟ ಬದುಕು ಎಂದುಕೊಂಡರೆ, ಈಗ ನೀವು ಯಾವ ಮೆಟ್ಟಿಲಿನ ಮೇಲಿದ್ದೀರಿ? ಇದನ್ನು ಪ್ರತಿ ವಾರ ಅದೇ ದಿನ, ಅದೇ ಹೊತ್ತಿಗೆ, ಬೇರೆ ಪ್ರಶ್ನೆಗಳಿಗೆ ಉತ್ತರಿಸುವ ಮೊದಲೇ ಬರೆಯುವುದು ಒಳ್ಳೆಯದು. ಕೆಲಸದ ತಾಪತ್ರಯವನ್ನೆಲ್ಲ ಈಗಷ್ಟೇ ಬರೆದು ಮುಗಿಸಿದವರಿಗೆ ಇಡೀ ಬದುಕು ಆ ಬಣ್ಣದಲ್ಲೇ ಕಾಣಿಸುವುದುಂಟು.

ಏನನ್ನು, ಯಾವಾಗ ಬರೆಯಬೇಕು

ಮಿಹಾಯ್ ಚಿಕ್ಸೆಂಟ್‌ಮಿಹಾಯಿ ಮತ್ತು ಅವರ ಸಹೋದ್ಯೋಗಿಗಳು 1970ರ ದಶಕದಲ್ಲಿ ಜನರಿಗೆ ಪೇಜರ್‌ಗಳನ್ನು ಕೊಟ್ಟು, ಅದು ಮುಂಚೆ ಗೊತ್ತಿರದ ಹೊತ್ತಿನಲ್ಲಿ ಸದ್ದು ಮಾಡಿದಾಗ ಆ ಕ್ಷಣ ಏನು ಮಾಡುತ್ತಿದ್ದರು, ಏನನ್ನಿಸುತ್ತಿತ್ತು ಎಂದು ಬರೆಯಿಸಿದರು. ಇಂದು ಅದೇ ಕೆಲಸಕ್ಕೆ ಮೊಬೈಲಿನ ಅಲಾರಾಂ ಸಾಕು. ಎದ್ದ ಹೊತ್ತಿನಿಂದ ಮಲಗುವ ಹೊತ್ತಿನೊಳಗೆ ಐದು ಅಲಾರಾಂ ಇಡಿ. ಅವುಗಳ ನಡುವಿನ ಅಂತರ ಒಂದೇ ಸಮ ಇರದಿರಲಿ, ಮತ್ತು ಪ್ರತಿ ವಾರ ಹೊತ್ತುಗಳನ್ನು ಬದಲಿಸಿ. ದಿನವೂ 11 ಗಂಟೆಗೇ ಬರೆದರೆ, ಆ ಹೊತ್ತಿಗೆ ನಿತ್ಯವೂ ನಡೆಯುವ ಒಂದು ಮೀಟಿಂಗಿನ ಬೇಸರವೇ ನಿಮ್ಮ ಇಡೀ ಕೆಲಸದ ಚಿತ್ರವಾಗಿಬಿಡಬಹುದು. ಬೇಸರವಾದಾಗ ಮಾತ್ರ ಬರೆಯುವ ಅಭ್ಯಾಸ ಇನ್ನೂ ಅಪಾಯಕಾರಿ, ಏಕೆಂದರೆ ಅಂಥ ಪುಸ್ತಕದಲ್ಲಿ ನೆಮ್ಮದಿಯ ಗಳಿಗೆಗಳಿಗೆ ಜಾಗವೇ ಇರುವುದಿಲ್ಲ. ವಾಹನ ಓಡಿಸುವಾಗ, ಯಂತ್ರದ ಮುಂದೆ ಇರುವಾಗ, ರೋಗಿಯನ್ನೋ ಮಗುವನ್ನೋ ನೋಡಿಕೊಳ್ಳುವಾಗ ಅಲಾರಾಂ ಬಂದರೆ ಅದನ್ನು ಬಿಟ್ಟುಬಿಡಿ.

ಒಂದು ಟಿಪ್ಪಣಿಗೆ ಒಂದು ನಿಮಿಷಕ್ಕಿಂತ ಹೆಚ್ಚು ಬೇಡ. ಎಲ್ಲಿದ್ದೀರಿ, ಏನು ಮಾಡುತ್ತಿದ್ದೀರಿ, ಜೊತೆಯಲ್ಲಿ ಯಾರಿದ್ದಾರೆ ಎಂಬುದನ್ನು ನಾಲ್ಕೈದು ಪದಗಳಲ್ಲಿ ಬರೆಯಿರಿ. ನಂತರ ಹಿತವಾದ ಭಾವ ಎಷ್ಟು, ಅಹಿತವಾದ ಭಾವ ಎಷ್ಟು ಎಂದು 0ಯಿಂದ 10ರೊಳಗೆ ಎರಡು ಬೇರೆ ಅಂಕಿಗಳನ್ನು ಕೊಡಿ. ಎರಡನ್ನೂ ಒಂದೇ ಅಳತೆಯ ಎರಡು ತುದಿಗಳೆಂದು ಭಾವಿಸಬೇಡಿ. ಮಗುವಿನ ಶಾಲೆಯ ಮೊದಲ ದಿನ ಸಂತೋಷವೂ ಆತಂಕವೂ ಒಟ್ಟಿಗೇ ಏರಿರುತ್ತವೆ, ಮಂಕು ಕವಿದ ದಿನ ಎರಡೂ ಒಟ್ಟಿಗೇ ಇಳಿದಿರುತ್ತವೆ. ಆಮೇಲೆ ದೇಹದ ಬಗ್ಗೆ ಒಂದು ಅಂಕಿ: ನೋವು ಅಥವಾ ದಣಿವು, ನಿಮ್ಮನ್ನು ಯಾವುದು ಕಾಡುತ್ತಿದೆಯೋ ಅದು. ಕೊನೆಯದಾಗಿ, ಮನಸ್ಸು ಮಾಡುತ್ತಿದ್ದ ಕೆಲಸದ ಮೇಲೇ ಇತ್ತೇ, ಬೇರೆಡೆ ಇತ್ತೇ, ಬೇರೆಡೆ ಇದ್ದರೆ ಎಲ್ಲಿ ಎಂಬುದು.

ಈ ಕೊನೆಯ ಪ್ರಶ್ನೆಯನ್ನು ಬಿಡಬೇಡಿ ಎಂದು ಒತ್ತಿ ಹೇಳುತ್ತೇನೆ. ಮ್ಯಾಥ್ಯೂ ಕಿಲ್ಲಿಂಗ್ಸ್‌ವರ್ತ್ ಮತ್ತು ಡೇನಿಯಲ್ ಗಿಲ್ಬರ್ಟ್ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಫೋನಿನ ಮೂಲಕ ವಿಚಾರಿಸಿದ ಕ್ಷಣಗಳ ಪೈಕಿ ಸುಮಾರು ಶೇ. 47ರಲ್ಲಿ ಜನರ ಮನಸ್ಸು ಮಾಡುತ್ತಿದ್ದುದನ್ನು ಬಿಟ್ಟು ಬೇರೆಡೆ ಅಲೆಯುತ್ತಿತ್ತು, ಮತ್ತು ಅಂಥ ಕ್ಷಣಗಳಲ್ಲಿ ಅವರ ಸಂತೋಷ ಕಡಿಮೆಯಿತ್ತು. ಕೆಲಸ ಮನೆಯೊಳಕ್ಕೆ ಬರುವುದು ಅನೇಕ ಸಲ ಹೀಗೆಯೇ: ಕಡತವಾಗಲಿ ಕರೆಯಾಗಲಿ ಮನೆಗೆ ಬಂದಿರುವುದಿಲ್ಲ, ಆದರೆ ಮಗಳ ಮಾತು ಕೇಳುತ್ತ ಕುಳಿತವರ ಮನಸ್ಸು ಮಧ್ಯಾಹ್ನದ ವಾಗ್ವಾದದಲ್ಲೇ ಇರುತ್ತದೆ. ‘ಮನೆಯಲ್ಲಿದ್ದೆ’ ಎಂದಷ್ಟೇ ಬರೆದರೆ ಇದು ಯಾವತ್ತೂ ಸಿಕ್ಕುವುದಿಲ್ಲ.

ಅಂಕಿಗಳಿಗೆ ಅರ್ಥವನ್ನು ಮೊದಲ ದಿನವೇ ಗೊತ್ತುಮಾಡಿ ಪುಸ್ತಕದ ಒಳಪುಟದಲ್ಲಿ ಬರೆದಿಡಿ. ನೋವಿಗಾದರೆ, 3 ಎಂದರೆ ಕೆಲಸದಲ್ಲಿ ತೊಡಗಿದಾಗ ಮರೆತುಹೋಗುವಷ್ಟು, 6 ಎಂದರೆ ಮಾಡುವ ಕೆಲಸವನ್ನು ನಿಲ್ಲಿಸಿ ಭಂಗಿ ಬದಲಿಸಬೇಕಾಗುವಷ್ಟು, 9 ಎಂದರೆ ಮಾತನಾಡುವುದೂ ಕಷ್ಟವಾಗುವಷ್ಟು ಎಂಬಂತೆ. ಈ ಅರ್ಥಗಳು ನಿಮ್ಮವು. ಇನ್ನೊಬ್ಬರ 6ಕ್ಕೂ ನಿಮ್ಮ 6ಕ್ಕೂ ಹೋಲಿಕೆ ಬೇಡ. ಮೂರನೆಯ ವಾರದ 6 ಮೊದಲ ವಾರದ 6ಕ್ಕೆ ಸಮನಾಗಿದ್ದರೆ ಸಾಕು.

ಬರೆಯಲಾಗದ ಟಿಪ್ಪಣಿಯ ಜಾಗವನ್ನು ಖಾಲಿ ಬಿಡಿ. ಆರ್ಥರ್ ಸ್ಟೋನ್ ಮತ್ತು ಸಂಗಡಿಗರು ದೀರ್ಘಕಾಲದ ನೋವಿನಿಂದ ಬಳಲುತ್ತಿದ್ದವರಿಗೆ ಕಾಗದದ ದಿನಚರಿಗಳನ್ನು ಕೊಟ್ಟು, ಅವು ಯಾವಾಗ ತೆರೆದುಕೊಂಡವು ಎಂಬುದನ್ನು ಗುರುತಿಸುವ ಬೆಳಕಿನ ಸಂವೇದಕಗಳನ್ನು ಅವುಗಳಲ್ಲಿ ಗುಟ್ಟಾಗಿ ಅಳವಡಿಸಿದ್ದರು. 2002ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಗೊತ್ತುಪಡಿಸಿದ ಹೊತ್ತಿಗೇ ಬರೆದದ್ದೆಂದು ದಿನಚರಿಗಳಲ್ಲಿ ದಾಖಲಾದ ಟಿಪ್ಪಣಿಗಳ ಪ್ರಮಾಣ ಶೇ. 90, ಸಂವೇದಕಗಳ ಲೆಕ್ಕದಲ್ಲಿ ನಿಜವಾಗಿ ಹಾಗೆ ಬರೆದದ್ದು ಶೇ. 11 ಮಾತ್ರ. ಯಾರನ್ನೂ ದೂರಲು ಇದನ್ನು ಹೇಳುತ್ತಿಲ್ಲ. ಖಾಲಿ ಪುಟ ಮುಜುಗರ ತರುತ್ತದೆ, ಆ ಮುಜುಗರ ತಪ್ಪಿಸಲು ಎರಡು ದಿನದ್ದನ್ನು ಒಮ್ಮೆಗೇ ತುಂಬುತ್ತೇವೆ, ಆಗ ದಾಟಿಹೋಗಬೇಕೆಂದಿದ್ದ ನೆನಪಿನ ಕೈಗೇ ಮತ್ತೆ ಸಿಕ್ಕಿಕೊಳ್ಳುತ್ತೇವೆ.

ದಿನದ ನಡುವೆ ಮೊಬೈಲ್ ಮುಟ್ಟಲಾಗದ ಕೆಲಸದಲ್ಲಿರುವವರಿಗೆ ಇನ್ನೊಂದು ದಾರಿಯಿದೆ. ಕಾನೆಮನ್, ಅಲನ್ ಕ್ರೂಗರ್ ಮೊದಲಾದವರು 2004ರಲ್ಲಿ ವಿವರಿಸಿದ ಈ ಕ್ರಮದಲ್ಲಿ ಹಿಂದಿನ ದಿನವನ್ನು ಒಂದರ ನಂತರ ಒಂದು ಬರುವ ಪ್ರಸಂಗಗಳಾಗಿ ಬಿಡಿಸಿ, ಒಂದೊಂದೂ ಯಾವಾಗ ಶುರುವಾಗಿ ಯಾವಾಗ ಮುಗಿಯಿತು, ಯಾರಿದ್ದರು, ಏನನ್ನಿಸಿತು ಎಂದು ಕ್ರಮವಾಗಿ ಬರೆಯುತ್ತಾರೆ. ದಿನವನ್ನು ಹೀಗೆ ಮೊದಲಿನಿಂದ ಮತ್ತೆ ಕಟ್ಟಿಕೊಂಡಾಗ ಒಂದೆರಡು ಘಟನೆಗಳು ಉಳಿದೆಲ್ಲವನ್ನೂ ಮುಚ್ಚಿಬಿಡುವುದು ತಪ್ಪುತ್ತದೆ. ಟೆಕ್ಸಾಸ್‌ನಲ್ಲಿ ಕೆಲಸ ಮಾಡುತ್ತಿದ್ದ 909 ಮಹಿಳೆಯರ ನಡುವೆ ನಡೆದ ಆ ಅಧ್ಯಯನದಲ್ಲಿ, ಕೆಲಸಕ್ಕೆ ಹೋಗಿಬರುವ ಪ್ರಯಾಣವೂ ಕೆಲಸವೂ ಅತಿ ಕಡಿಮೆ ಹಿತ ಕೊಟ್ಟ ಹೊತ್ತುಗಳಾಗಿದ್ದವು. ಮಕ್ಕಳನ್ನು ನೋಡಿಕೊಳ್ಳುವ ಹೊತ್ತು ಕೂಡ ಪಟ್ಟಿಯಲ್ಲಿ ನಾವು ಊಹಿಸುವುದಕ್ಕಿಂತ ಕೆಳಗೇ ಇತ್ತು. ಆ ತಾಯಂದಿರಿಗೆ ಮಕ್ಕಳು ಬೇಡವಾಗಿದ್ದರು ಎಂದು ಇದರ ಅರ್ಥವಲ್ಲ. ಕ್ಷಣದ ಭಾವ ಬೇರೆ, ಸಾರ್ಥಕತೆ ಬೇರೆ ಎಂದು ಮೇಲೆ ಹೇಳಿದ್ದು ಇಂಥ ಕಡೆಯಲ್ಲೇ ನೆರವಿಗೆ ಬರುತ್ತದೆ.

ಕೆಲಸದ ಬಗ್ಗೆ ಕೇಳಿಕೊಳ್ಳಬೇಕಾದ ಪ್ರಶ್ನೆ

ದಿನದ ಕೊನೆಯ ಟಿಪ್ಪಣಿಯಲ್ಲಿ ಕೆಲಸದ ಬಗ್ಗೆ ಎರಡು ಸಾಲು ಹೆಚ್ಚಿಗೆ ಬರೆಯಿರಿ. ಇವತ್ತು ಕೆಲಸ ಎಷ್ಟಿತ್ತು ಎಂಬುದು ಒಂದು; ಅದನ್ನು ಹೇಗೆ, ಯಾವ ಕ್ರಮದಲ್ಲಿ ಮಾಡಬೇಕೆಂಬುದು ಎಷ್ಟರಮಟ್ಟಿಗೆ ನನ್ನ ಕೈಯಲ್ಲಿತ್ತು ಎಂಬುದು ಇನ್ನೊಂದು. ಕೆಲಸದ ಭಾರ ಹೆಚ್ಚಿದ್ದು ಅದರ ಮೇಲಿನ ಹಿಡಿತ ಕಡಿಮೆಯಿದ್ದಾಗಲೇ ಒತ್ತಡ ಹೆಚ್ಚು ಬಾಧಿಸುತ್ತದೆ ಎಂದು ರಾಬರ್ಟ್ ಕರಾಸೆಕ್ 1979ರಲ್ಲಿ ಮುಂದಿಟ್ಟ ವಿಚಾರ ಮುಂದಿನ ಬಹಳಷ್ಟು ಸಂಶೋಧನೆಗೆ ಬುನಾದಿಯಾಯಿತು. ಪಟ್ಟ ಶ್ರಮಕ್ಕೆ ತಕ್ಕ ಸಂಬಳ, ಮನ್ನಣೆ, ಭದ್ರತೆ ದೊರೆಯದಿರುವುದೇ ಆರೋಗ್ಯಕ್ಕೆ ಹಾನಿ ಮಾಡುತ್ತದೆಂದು ಯೋಹಾನೆಸ್ ಸೀಗ್ರಿಸ್ಟ್ 1996ರಲ್ಲಿ ವಾದಿಸಿದರು. ಹಾಗಾಗಿ ‘ಬಹಳ ಕೆಲಸ’ ಎಂಬ ಒಂದೇ ಪದದಲ್ಲಿ ದಿನವನ್ನು ಮುಗಿಸಬೇಡಿ. ಅಷ್ಟೇ ಕೆಲಸವಿದ್ದ ಎರಡು ದಿನಗಳಲ್ಲಿ ಒಂದು ಹಗುರವಾಗಿಯೂ ಇನ್ನೊಂದು ಭಾರವಾಗಿಯೂ ಕಳೆದಿದ್ದರೆ, ವ್ಯತ್ಯಾಸ ಬಹುಶಃ ಹಿಡಿತದಲ್ಲೋ ಮನ್ನಣೆಯಲ್ಲೋ ಇರುತ್ತದೆ.

ಸಂಬಳವಿಲ್ಲದೆ ಮನೆಯಲ್ಲಿ ನಡೆಯುವ ಕೆಲಸಕ್ಕೂ ಈ ಪ್ರಶ್ನೆಗಳು ಅಷ್ಟೇ ಅನ್ವಯಿಸುತ್ತವೆ. ಮನೆಗೆಲಸ ಮಾಡುವವರ ಪುಸ್ತಕದಲ್ಲಿ ‘ಕೆಲಸ’ದ ಅಂಕಣ ಖಾಲಿ ಬಿಡಬಾರದು.

ಮನೆ: ಒಬ್ಬರ ದಿನ ಇನ್ನೊಬ್ಬರಿಗೆ ದಾಟುವುದು

ಜೆಫ್ರಿ ಗ್ರೀನ್‌ಹೌಸ್ ಮತ್ತು ನಿಕೋಲಸ್ ಬ್ಯೂಟೆಲ್ 1985ರಲ್ಲಿ ಕೆಲಸಕ್ಕೂ ಕುಟುಂಬಕ್ಕೂ ನಡುವಿನ ತಿಕ್ಕಾಟವನ್ನು ಮೂರಾಗಿ ವಿಂಗಡಿಸಿದರು, ಮತ್ತು ನಿಮ್ಮ ಟಿಪ್ಪಣಿಗಳಲ್ಲಿ ಯಾವ ಬಗೆ ಹೆಚ್ಚಾಗಿದೆ ಎಂದು ನೋಡಲು ಆ ವಿಂಗಡಣೆ ಇಂದಿಗೂ ಉಪಯುಕ್ತ. ಒಂದಕ್ಕೆ ಕೊಟ್ಟ ಸಮಯ ಇನ್ನೊಂದಕ್ಕೆ ಸಿಗದಿರುವುದು ಮೊದಲನೆಯದು. ಒಂದರಲ್ಲಿ ಹುಟ್ಟಿದ ಆಯಾಸ, ಸಿಟ್ಟು, ಚಿಂತೆ ಇನ್ನೊಂದಕ್ಕೆ ಹರಿಯುವುದು ಎರಡನೆಯದು. ಒಂದು ಕಡೆ ಬೇಕಾದ ನಡವಳಿಕೆ ಇನ್ನೊಂದು ಕಡೆ ಒಗ್ಗದಿರುವುದು ಮೂರನೆಯದು. ಕೆಲಸದ ಜಾಗದಲ್ಲಿ ಇಡೀ ದಿನ ತ್ವರಿತವಾಗಿ ನಿರ್ಧಾರ ಕೊಡುತ್ತಿದ್ದವರು ಮನೆಗೆ ಬಂದು ಮಗನ ದುಃಖಕ್ಕೂ ತಕ್ಷಣ ಪರಿಹಾರ ಸೂಚಿಸತೊಡಗಿದರೆ ಅದು ಮೂರನೆಯ ಬಗೆ. ಸಮಯ ಕಡಿಮೆ ಎಂದುಕೊಂಡು ಮನೆಗೆ ಒಂದು ಗಂಟೆ ಮೊದಲೇ ಬಂದರೂ ಎರಡನೆಯ ಮತ್ತು ಮೂರನೆಯ ಬಗೆಯ ತೊಂದರೆಗಳು ಕಡಿಮೆಯಾಗುವುದಿಲ್ಲ. ಬಹಳ ಜನ ಸಮಯವನ್ನೊಂದೇ ದೂರಿ ಅಲ್ಲಿಗೇ ನಿಲ್ಲುತ್ತಾರೆ.

ಹರಿವು ಯಾವಾಗಲೂ ಜಗಳದ ರೂಪದಲ್ಲೇ ಬರುವುದಿಲ್ಲ. ರೆನಾ ರೆಪೆಟ್ಟಿ 1989ರಲ್ಲಿ ವಿಮಾನ ಸಂಚಾರ ನಿಯಂತ್ರಕರ ಬಗ್ಗೆ ಪ್ರಕಟಿಸಿದ ಅಧ್ಯಯನದಲ್ಲಿ, ಕೆಲಸ ಹೆಚ್ಚಿದ್ದ ದಿನಗಳ ಸಂಜೆ ಅವರು ಮನೆಯಲ್ಲಿ ಸಂಗಾತಿಯಿಂದ ದೂರ ಸರಿಯುತ್ತಿದ್ದರು, ಮಾತು ಕಡಿಮೆ ಮಾಡುತ್ತಿದ್ದರು. ಮೌನವಾಗಿ ಕುಳಿತವರಿಗೆ ತಾವು ಯಾರಿಗೂ ತೊಂದರೆ ಕೊಡುತ್ತಿಲ್ಲ ಎನ್ನಿಸಬಹುದು, ಎದುರಿಗಿರುವವರಿಗೆ ಅದೇ ಮೌನ ಅನಾದರವಾಗಿ ಕಾಣಬಹುದು. ಆದ್ದರಿಂದ ಮನೆ ತಲುಪಿದ ಮೊದಲ ಅರ್ಧ ಗಂಟೆಯನ್ನು ಪ್ರತ್ಯೇಕವಾಗಿ ಗುರುತಿಸಿ: ಯಾರೊಡನೆ ಮಾತಾಡಿದಿರಿ, ಯಾರನ್ನು ತಪ್ಪಿಸಿದಿರಿ. ಮನೆಯಿಂದಲೇ ಕೆಲಸ ಮಾಡುವವರು ಕೆಲಸ ನಿಲ್ಲಿಸಿದ ನಂತರದ ಅರ್ಧ ಗಂಟೆಯನ್ನು ಹೀಗೆ ಬರೆಯಬೇಕು.

ನಯಲ್ ಬೋಲ್ಗರ್ ಮತ್ತು ಸಂಗಡಿಗರು 1989ರಲ್ಲಿ 166 ದಂಪತಿಗಳ ಆರು ವಾರಗಳ ದಿನಚರಿಗಳನ್ನು ವಿಶ್ಲೇಷಿಸಿದಾಗ, ದೈನಂದಿನ ಒತ್ತಡಗಳ ಪೈಕಿ ಜನರೊಂದಿಗಿನ ಮನಸ್ತಾಪವೇ ಮನಸ್ಸನ್ನು ಎಲ್ಲಕ್ಕಿಂತ ಹೆಚ್ಚು ಕೆಡಿಸುತ್ತಿತ್ತು. ಒಂದೇ ಬಗೆಯ ತೊಂದರೆ ಸತತವಾಗಿ ಬಂದಾಗ ಎರಡನೆಯ ದಿನದ ಹೊತ್ತಿಗೆ ಬಹುತೇಕ ಎಲ್ಲದಕ್ಕೂ ಜನ ಒಗ್ಗಿಕೊಳ್ಳುತ್ತಿದ್ದರು, ಮನಸ್ತಾಪಕ್ಕೆ ಮಾತ್ರ ಒಗ್ಗಿಕೊಳ್ಳುತ್ತಿರಲಿಲ್ಲ. ಇದು ನಿಮ್ಮ ಟಿಪ್ಪಣಿಗಳಿಗೂ ಒಂದು ಸೂಚನೆ. ‘ಕೆಲಸದ ಒತ್ತಡ’ ಎಂದು ಬರೆದ ದಿನಗಳಲ್ಲಿ ಎಷ್ಟು ದಿನ ನಿಜವಾಗಿ ಕೆಲಸವೇ ಭಾರವಾಗಿತ್ತು, ಎಷ್ಟು ದಿನ ಒಬ್ಬ ನಿರ್ದಿಷ್ಟ ವ್ಯಕ್ತಿಯೊಡನೆ ನಡೆದ ಮಾತು ಭಾರವಾಗಿತ್ತು ಎಂಬುದನ್ನು ಬೇರೆ ಬೇರೆಯಾಗಿ ಗುರುತುಹಾಕಿ. ಇವೆರಡಕ್ಕೂ ಪರಿಹಾರ ಒಂದೇ ಅಲ್ಲ.

ಆರೋಗ್ಯದ ಟಿಪ್ಪಣಿ

ಬೆಳಗ್ಗೆ ಎದ್ದಾಗ ನಿದ್ದೆ ಎಷ್ಟು ಗಂಟೆ ಆಯಿತು, ಎದ್ದಾಗ ದಣಿವು ಆರಿತ್ತೇ ಎಂಬ ಎರಡನ್ನು ಬರೆಯಿರಿ. ಔಷಧಿ ಬದಲಾದ ದಿನ, ಜ್ವರ ಬಂದ ದಿನ, ಮುಟ್ಟಿನ ದಿನಗಳು, ರಾತ್ರಿ ಪಾಳಿ ಇವನ್ನು ಅಂಚಿನಲ್ಲಿ ಗುರುತಿಸಿ. ವಾರಕ್ಕೊಮ್ಮೆ ‘ಒಟ್ಟಾರೆ ನನ್ನ ಆರೋಗ್ಯ ಹೇಗಿದೆ’ ಎಂಬ ಪ್ರಶ್ನೆಗೆ ತುಂಬ ಚೆನ್ನಾಗಿದೆ, ಚೆನ್ನಾಗಿದೆ, ಸುಮಾರು, ಚೆನ್ನಾಗಿಲ್ಲ ಎಂಬ ಉತ್ತರಗಳಲ್ಲಿ ಒಂದನ್ನು ಬರೆದರೆ ಸಾಕು. ಈ ಸರಳ ಪ್ರಶ್ನೆಯನ್ನು ಹಗುರವಾಗಿ ನೋಡುವಂತಿಲ್ಲ. ಎಲೆನ್ ಐಡ್ಲರ್ ಮತ್ತು ಯಾಯೆಲ್ ಬೆನ್ಯಾಮಿನಿ 1997ರಲ್ಲಿ 27 ಅಧ್ಯಯನಗಳನ್ನು ಪರಿಶೀಲಿಸಿದಾಗ, ವೈದ್ಯಕೀಯವಾಗಿ ತಿಳಿದಿದ್ದ ಅಂಶಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ, ತಮ್ಮ ಆರೋಗ್ಯದ ಬಗ್ಗೆ ಜನರೇ ಕೊಟ್ಟ ತೀರ್ಪು ಮುಂದಿನ ವರ್ಷಗಳಲ್ಲಿ ಅವರು ಬದುಕುಳಿಯುವ ಸಾಧ್ಯತೆಯನ್ನು ಬಹುತೇಕ ಎಲ್ಲ ಅಧ್ಯಯನಗಳಲ್ಲೂ ಸೂಚಿಸುತ್ತಿತ್ತು. ತಮ್ಮ ದೇಹದ ಬಗ್ಗೆ ಜನ ಹೇಳುವುದನ್ನು ‘ಬರೀ ಅನ್ನಿಸಿಕೆ’ ಎಂದು ತಳ್ಳಿಹಾಕುವವರಿಗೆ, ಅವರು ಮನೆಯವರಾಗಿರಲಿ ಚಿಕಿತ್ಸೆ ಕೊಡುವವರಾಗಿರಲಿ, ಇದು ಉತ್ತರ.

ಎದೆ ಬಿಗಿತ, ಉಸಿರಾಟದ ತೊಂದರೆ, ದೇಹದ ಒಂದು ಭಾಗ ಹಠಾತ್ತನೆ ಬಲ ಕಳೆದುಕೊಳ್ಳುವುದು ಇವು ಬರೆದಿಡುವ ಸಂಗತಿಗಳಲ್ಲ. ಪುಸ್ತಕ ಬದಿಗಿಟ್ಟು ತಕ್ಷಣ ಚಿಕಿತ್ಸೆಗೆ ಹೋಗಬೇಕು.

ಬರೆದದ್ದನ್ನು ಓದುವುದು

ಮೊದಲ ಎರಡು ವಾರ ಹಿಂದಿನ ಪುಟಗಳನ್ನು ತಿರುವಿಹಾಕಬೇಡಿ. ನಡುವೆಯೇ ಅರ್ಥ ಹುಡುಕತೊಡಗಿದರೆ ಮುಂದಿನ ಟಿಪ್ಪಣಿಗಳು ಆ ಅರ್ಥವನ್ನು ಪುಷ್ಟಿಗೊಳಿಸುವಂತೆ ಬರುತ್ತವೆ. ದಿನಕ್ಕೆ ಐದರಂತೆ 28 ದಿನಕ್ಕೆ 140 ಟಿಪ್ಪಣಿಗಳಾಗಬೇಕು. 90-100 ಸಿಕ್ಕರೂ ಒಳ್ಳೆಯ ದಾಖಲೆಯೇ.

ಓದಲು ಕುಳಿತಾಗ ಸರಾಸರಿ ತೆಗೆಯುವುದರಿಂದ ಶುರುಮಾಡಬೇಡಿ. ಹೆಚ್ಚು ಹಿತವಾಗಿದ್ದ ಐದು ದಿನಗಳನ್ನೂ ಹೆಚ್ಚು ಅಹಿತವಾಗಿದ್ದ ಐದು ದಿನಗಳನ್ನೂ ಆರಿಸಿಕೊಂಡು, ಒಂದೊಂದಕ್ಕೂ ಹಿಂದಿನ ಸಂಜೆ ಮತ್ತು ಹಿಂದಿನ ರಾತ್ರಿಯ ಟಿಪ್ಪಣಿಗಳನ್ನು ಪಕ್ಕದಲ್ಲಿಟ್ಟು ಓದಿ. ಕೆಲಸ, ಮನೆ, ಆರೋಗ್ಯ ಒಂದರ ಮೇಲೊಂದು ಪರಿಣಾಮ ಬೀರುವುದು ಅನೇಕ ಸಲ ಅದೇ ದಿನ ಅಲ್ಲ, ಮರುದಿನ. ಯಾವುದು ಮೊದಲು ಬಂತು ಎಂಬುದು ದಿನಾಂಕಗಳನ್ನು ನೋಡಿದಾಗಲೇ ತಿಳಿಯುತ್ತದೆ. ನೋವಿನಿಂದ ನಿದ್ದೆ ಕೆಡುತ್ತದೆ ಎಂಬುದು ಎಲ್ಲರ ಅನುಭವ. ಆದರೆ ನಿದ್ದೆ ಮತ್ತು ನೋವಿನ ಸಂಬಂಧದ ಬಗ್ಗೆ 2013ರಲ್ಲಿ ಪ್ರಕಟವಾದ, ಹಿಂದಿನ ಅಧ್ಯಯನಗಳ ಒಂದು ಅವಲೋಕನದ ಪ್ರಕಾರ, ನೋವು ನಿದ್ದೆಯನ್ನು ಕೆಡಿಸುವುದಕ್ಕಿಂತ ಕೆಟ್ಟ ನಿದ್ದೆ ಮುಂದೆ ನೋವನ್ನು ಹೆಚ್ಚಿಸುವ ನಂಟೇ ಹೆಚ್ಚು ಸ್ಥಿರವಾಗಿ ಕಂಡುಬಂದಿದೆ. ನಿಮ್ಮ ಪುಸ್ತಕದಲ್ಲಿ ಯಾವ ಕ್ರಮ ಹೆಚ್ಚಾಗಿದೆ ಎಂದು ನೀವೇ ನೋಡಬಹುದು.

ಇದಕ್ಕಿಂತಲೂ ಮುಖ್ಯವಾದ ಹೆಜ್ಜೆ ಇನ್ನೊಂದಿದೆ, ಮತ್ತು ಜನ ಸಾಮಾನ್ಯವಾಗಿ ಬಿಟ್ಟುಬಿಡುವುದು ಅದನ್ನೇ. ನೀವು ಕಾರಣವೆಂದು ನಂಬಿರುವುದು ನಡೆದಿದ್ದೂ ಪರಿಣಾಮ ಕಾಣಿಸದಿದ್ದ ದಿನಗಳನ್ನು ಹುಡುಕಿ; ಹಾಗೆಯೇ ಕಾರಣವಿಲ್ಲದೆಯೂ ಪರಿಣಾಮ ಕಾಣಿಸಿಕೊಂಡ ದಿನಗಳನ್ನೂ ಹುಡುಕಿ. ಉದಾಹರಣೆಗೆ, ಕೆಲಸದಲ್ಲಿ ತಡವಾದ ದಿನವೆಲ್ಲ ಮನೆಯಲ್ಲಿ ಜಗಳವಾಗುತ್ತದೆ ಎಂಬುದು ನಿಮ್ಮ ನಂಬಿಕೆ ಎಂದುಕೊಳ್ಳಿ. ತಡವಾದ ಒಂಬತ್ತು ದಿನಗಳಲ್ಲಿ ನಾಲ್ಕರಲ್ಲಿ ಜಗಳವಾಗಿದೆ, ಐದರಲ್ಲಿ ಆಗಿಲ್ಲ. ಆ ಐದು ದಿನ ಏನಿತ್ತು? ತಡವಾಗುತ್ತದೆಂದು ಮುಂಚೆಯೇ ತಿಳಿಸಿದ್ದಿರಬಹುದು. ಹಿಂದಿನ ರಾತ್ರಿ ಚೆನ್ನಾಗಿ ನಿದ್ದೆಯಾಗಿದ್ದಿರಬಹುದು. ಮನೆಯಲ್ಲಿ ಇನ್ನೊಬ್ಬರ ಸಹಾಯ ಇದ್ದಿರಬಹುದು. ಜಗಳವಾದ ದಿನಗಳನ್ನಷ್ಟೇ ಎಣಿಸುತ್ತ ಕುಳಿತವರಿಗೆ ಈ ಐದು ದಿನಗಳಲ್ಲಿರುವ ದಾರಿ ಕಾಣುವುದಿಲ್ಲ.

ಎರಡು ಸಂಗತಿಗಳು ಒಟ್ಟಿಗೆ ಬಂದವೆಂದ ಮಾತ್ರಕ್ಕೆ ಒಂದು ಇನ್ನೊಂದನ್ನು ತಂದಿತು ಎನ್ನಲಾಗದು. ಮೂರನೆಯದೊಂದು ಎರಡನ್ನೂ ತಂದಿರಬಹುದು. ಟೆಕ್ಸಾಸ್‌ನ ಅಧ್ಯಯನದಲ್ಲಿ ದಿನದ ಭಾವವನ್ನು ಬಲವಾಗಿ ಕೆಡಿಸಿದ ಎರಡು ಅಂಶಗಳು ಹಿಂದಿನ ರಾತ್ರಿಯ ಕಳಪೆ ನಿದ್ದೆ ಮತ್ತು ಕೆಲಸದ ಬಿಗಿಯಾದ ಗಡುವು. ಕೆಟ್ಟ ನಿದ್ದೆಯೊಂದೇ ಸಾಕು, ಮರುದಿನದ ಕೆಲಸವೂ ಭಾರವೆನ್ನಿಸುತ್ತದೆ, ಮನೆಯಲ್ಲಿ ಸಿಡುಕೂ ಬರುತ್ತದೆ, ನೋಡುವವರಿಗೆ ಕೆಲಸವೇ ಸಿಡುಕಿಗೆ ಕಾರಣವೆಂದು ಕಾಣುತ್ತದೆ. ಹಾಗಾಗಿ ಏನನ್ನೇ ತೀರ್ಮಾನಿಸುವ ಮೊದಲು ನಿದ್ದೆಯ ಅಂಕಣವನ್ನು ಒಮ್ಮೆ ನೋಡಿ, ರಜೆಯ ದಿನಗಳನ್ನು ಕೆಲಸದ ದಿನಗಳಿಂದ ಬೇರೆಮಾಡಿ. ಎರಡೋ ಮೂರೋ ಸಲ ಮಾತ್ರ ನಡೆದದ್ದರಿಂದ ತೀರ್ಮಾನಕ್ಕೆ ಬರಬೇಡಿ; ಅದನ್ನು ಪ್ರಶ್ನೆಯಾಗಿ ಬರೆದಿಟ್ಟು ಮುಂದುವರಿಯಿರಿ.

ಒಂದನ್ನೇ ಬದಲಿಸಿ ನೋಡುವುದು

ಓದಿದ ಮೇಲೆ ಬದಲಿಸಬಹುದಾದ ಹತ್ತಾರು ಸಂಗತಿಗಳು ಹೊಳೆಯುತ್ತವೆ. ಒಂದನ್ನು ಮಾತ್ರ ಆರಿಸಿಕೊಳ್ಳಿ, ಏಕೆಂದರೆ ನಾಲ್ಕನ್ನು ಒಟ್ಟಿಗೇ ಬದಲಿಸಿದರೆ ಯಾವುದು ಫಲ ಕೊಟ್ಟಿತು ಎಂದು ತಿಳಿಯುವುದಿಲ್ಲ, ನಾಲ್ಕನ್ನೂ ಉಳಿಸಿಕೊಳ್ಳುವುದೂ ಕಷ್ಟ. ಮನೆಯಲ್ಲಿದ್ದಾಗ ಮನಸ್ಸು ಕೆಲಸದಲ್ಲೇ ಇತ್ತು ಎಂಬುದು ಪದೇಪದೇ ಕಂಡಿದ್ದರೆ, ಕೆಲಸಕ್ಕೂ ಮನೆಗೂ ನಡುವೆ ಒಂದು ಗಡಿ ಹಾಕಿಕೊಳ್ಳುವುದು ಒಳ್ಳೆಯ ಆರಂಭ: ಕೆಲಸ ಮುಗಿಸುವ ಮುನ್ನ ನಾಳೆಯ ಬಾಕಿಗಳನ್ನು ಬರೆದಿಟ್ಟು, ಹದಿನೈದು ನಿಮಿಷ ನಡೆದು, ಆಮೇಲೆ ಮನೆಯವರೊಡನೆ ಸೇರುವುದು. ಸಬೀನೆ ಸೊನ್ನೆನ್‌ಟಾಗ್ ಮತ್ತು ಶಾರ್ಲೊಟೆ ಫ್ರಿಟ್ಸ್ 2007ರಲ್ಲಿ ಕೆಲಸದ ದಣಿವಿನಿಂದ ಚೇತರಿಸಿಕೊಳ್ಳುವ ಬಗೆಗಳನ್ನು ನಾಲ್ಕಾಗಿ ಗುರುತಿಸಿದರು: ಮನಸ್ಸು ಕೆಲಸದಿಂದ ಕಳಚಿಕೊಳ್ಳುವುದು, ವಿಶ್ರಮಿಸುವುದು, ಹೊಸದೊಂದರಲ್ಲಿ ಕೈ ಪಳಗಿಸಿಕೊಳ್ಳುವುದು, ಬಿಡುವಿನ ವೇಳೆಯನ್ನು ತಾನೇ ನಿರ್ಧರಿಸುವುದು. ನಿಮ್ಮ ಸಂಜೆಗಳಲ್ಲಿ ಇವುಗಳಲ್ಲಿ ಯಾವುದು ಒಮ್ಮೆಯೂ ಕಾಣಿಸಿಲ್ಲವೋ ಅದನ್ನೇ ಆರಿಸಿಕೊಳ್ಳಬಹುದು.

ಬದಲಾವಣೆಯನ್ನು ಕನಿಷ್ಠ ಮೂರು ವಾರ ನಡೆಸಿ, ಅದೇ ಪ್ರಶ್ನೆಗಳಿಗೆ ಅದೇ ಅಳತೆಯಲ್ಲಿ ಉತ್ತರ ಬರೆಯುತ್ತಿರಿ. ಮೊದಲ ವಾರದ ಉತ್ಸಾಹವನ್ನು ಫಲಿತಾಂಶವೆಂದು ತಿಳಿಯಬೇಡಿ. ಹೊಸತು ಎಂಬುದರ ಹಿತ ಬೇಗ ಇಳಿಯುತ್ತದೆ, ಮೂರನೆಯ ವಾರದಲ್ಲಿ ಉಳಿದದ್ದನ್ನು ನೋಡಿ.

ಟಿಪ್ಪಣಿಗಳು ತೋರಿಸಿದ ಕಾರಣ ನಿಮ್ಮ ಮನಸ್ಸಿನಲ್ಲಿರದೆ ಹೊರಗೇ ಇರಬಹುದು. ಇಬ್ಬರ ಕೆಲಸವನ್ನು ಒಬ್ಬರ ಮೇಲೆ ಹೇರಿದ್ದರೆ, ರಾತ್ರಿ ಹತ್ತಕ್ಕೂ ಕರೆಗಳು ಬರುತ್ತಿದ್ದರೆ, ಆರೈಕೆಯ ಹೊರೆಯೆಲ್ಲ ಮನೆಯ ಒಬ್ಬರ ಮೇಲೇ ಬಿದ್ದಿದ್ದರೆ, ನಡಿಗೆಯಿಂದಲೋ ಧ್ಯಾನದಿಂದಲೋ ಅದನ್ನು ಸರಿಪಡಿಸಿಕೊಳ್ಳಿ ಎಂದು ಹೇಳುವುದು ಅನ್ಯಾಯ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ತನ್ನ ರೋಗಗಳ ವರ್ಗೀಕರಣದ ಹನ್ನೊಂದನೆಯ ಆವೃತ್ತಿಯಲ್ಲಿ ಬರ್ನ್‌ಔಟ್ ಅನ್ನು ರೋಗವೆಂದು ಕರೆಯದೆ, ಸರಿಯಾಗಿ ನಿಭಾಯಿಸದ ಕೆಲಸದ ಒತ್ತಡದಿಂದ ಉಂಟಾಗುವ ವೃತ್ತಿಸಂಬಂಧಿ ವಿದ್ಯಮಾನವೆಂದು ವಿವರಿಸಿದ್ದನ್ನು ಇಲ್ಲಿ ನೆನೆಯಬೇಕು. ಶಕ್ತಿ ಬರಿದಾಗುವುದು, ಕೆಲಸದಿಂದ ಮನಸ್ಸು ದೂರವಾಗುವುದು, ಕೆಲಸದಲ್ಲಿನ ಸಾಮರ್ಥ್ಯ ಕುಗ್ಗುವುದು ಎಂಬ ಅದರ ಮೂರು ಲಕ್ಷಣಗಳು ವಾರಗಟ್ಟಲೆ ಕಂಡುಬಂದರೆ ಬದಲಾಗಬೇಕಾದದ್ದು ಮೊದಲು ಕೆಲಸದ ಏರ್ಪಾಡು.

ಯಾರಿಗೆ, ಎಷ್ಟು ತೋರಿಸಬೇಕು

ಪುಸ್ತಕ ನಿಮ್ಮದು. ಸಂಸ್ಥೆ ಕೊಟ್ಟ ಫೋನಿನಲ್ಲೋ ಕಂಪ್ಯೂಟರಿನಲ್ಲೋ ಇದನ್ನು ಬರೆಯಬೇಡಿ. ಮೇಲಧಿಕಾರಿಯೊಡನೆ ಮಾತಾಡುವಾಗ ಕೆಲಸಕ್ಕೆ ಸಂಬಂಧಿಸಿದ್ದನ್ನು ಮಾತ್ರ ದಿನಾಂಕ ಸಹಿತ ಹೇಳಿ: ಕಳೆದ ನಾಲ್ಕು ವಾರಗಳಲ್ಲಿ ಇಷ್ಟು ದಿನ ಸಂಜೆ ಏಳರ ನಂತರ ಹೊಸ ಕೆಲಸ ಬಂದಿದೆ ಎಂಬಂತೆ. ನಿಮ್ಮ ನಿದ್ದೆ, ನೋವು, ಮನೆಯ ಜಗಳದ ವಿವರ ಅಲ್ಲಿಗೆ ಬೇಕಿಲ್ಲ. ವೈದ್ಯರಿಗಾದರೆ ಇಡೀ ಪುಸ್ತಕ ಕೊಡುವ ಬದಲು ಒಂದು ಪುಟದ ಸಾರ ಒಯ್ಯಿರಿ. ನೋವು ಅಥವಾ ದಣಿವು ಯಾವ ಹೊತ್ತಿನಲ್ಲಿ ಹೆಚ್ಚು, ಅದರ ಹಿಂದಿನ ರಾತ್ರಿ ಹೇಗಿತ್ತು, ಔಷಧಿ ಬದಲಾದ ಮೇಲೆ ಏನಾಯಿತು ಎಂಬಷ್ಟಿದ್ದರೆ ಅವರಿಗೆ ಅದು ತುಂಬ ಬೆಲೆಯುಳ್ಳದ್ದು.

ಮನೆಯವರಿಗೆ ಹೇಳುವಾಗ ನಿಮ್ಮ ಅಂಕಿಗಳನ್ನು ಸಾಕ್ಷಿಯಂತೆ ಮುಂದಿಡಬೇಡಿ. ‘ನೀನು ಮಾತಾಡಿದ ದಿನವೆಲ್ಲ ನನಗೆ ತಲೆನೋವು ಬಂದಿದೆ’ ಎಂದು ಪುಟ ತೆರೆದು ತೋರಿಸಿದರೆ ಮಾತುಕತೆ ಅಲ್ಲಿಗೇ ನಿಲ್ಲುತ್ತದೆ. ಆ ದಿನಗಳಲ್ಲಿ ಅವರಿಗೂ ಒಂದು ಅನುಭವವಿತ್ತು, ಅದು ನಿಮ್ಮ ಪುಸ್ತಕದಲ್ಲಿಲ್ಲ. ಅವರೂ ಬಯಸಿದರೆ ತಮ್ಮದೇ ಪುಸ್ತಕ ಇಟ್ಟುಕೊಳ್ಳಲಿ. ಒಬ್ಬರು ಇನ್ನೊಬ್ಬರದನ್ನು ಓದದೆ, ತಮ್ಮತಮ್ಮದನ್ನು ಓದಿಕೊಂಡು ಬಂದು ಮಾತಾಡುವುದು ಹೆಚ್ಚು ಸುರಕ್ಷಿತ.

ಟಿಪ್ಪಣಿಗಳು ಇನ್ನೊಂದು ಕಾರಣಕ್ಕೂ ನೆರವಾಗುತ್ತವೆ. ಎರಡು ವಾರಗಳ ಕಾಲ ಬಹುತೇಕ ಪ್ರತಿದಿನವೂ ಮನಸ್ಸು ಕುಗ್ಗಿದ್ದರೆ, ಮೊದಲು ಇಷ್ಟವಾಗಿದ್ದ ಯಾವುದರಲ್ಲೂ ಆಸಕ್ತಿ ಉಳಿಯದಿದ್ದರೆ, ಇದು ಕೆಲಸದ್ದೋ ಮನೆಯದ್ದೋ ಎಂದು ಪತ್ತೆಹಚ್ಚುತ್ತ ಕೂರದೆ ವೈದ್ಯರನ್ನು ಕಾಣಬೇಕು. ಬದುಕುವುದು ಬೇಡ ಎಂಬ ಯೋಚನೆ ಒಂದೇ ಒಂದು ಸಲ ಬಂದಿದ್ದರೂ ಅದನ್ನು ಅಂದೇ ನಂಬಿಕೆಯ ಒಬ್ಬರಿಗೆ ಹೇಳಿ, ನೆರವು ಪಡೆಯಬೇಕು. ಬರೆಯುವುದರಿಂದಲೇ ಆತಂಕ ಹೆಚ್ಚುತ್ತಿದೆ, ಪ್ರತಿ ಎದೆಬಡಿತವನ್ನೂ ಗಮನಿಸುತ್ತ ಕೂರುವಂತಾಗಿದೆ ಎನ್ನಿಸಿದರೆ ಬರೆಯುವುದನ್ನು ನಿಲ್ಲಿಸಿ.

ಎಲ್ಲ ಸುಗಮವಾಗಿದ್ದರೂ, ಮೊದಲ ನಾಲ್ಕು ವಾರಗಳೂ ಬದಲಾವಣೆಯನ್ನು ನೋಡುವ ವಾರಗಳೂ ಮುಗಿದ ಮೇಲೆ ದಿನವೂ ಬರೆಯಬೇಕಿಲ್ಲ. ಕೆಲಸ ಬದಲಾದಾಗ, ಪಾಳಿ ಬದಲಾದಾಗ, ಮನೆಗೆ ಮಗು ಬಂದಾಗ, ಯಾರಾದರೂ ಕಾಯಿಲೆ ಬಿದ್ದಾಗ ಒಂದು ವಾರದ ಮಟ್ಟಿಗೆ ಮತ್ತೆ ತೆರೆದು, ಒಳಪುಟದಲ್ಲಿ ಬರೆದಿಟ್ಟ ಅದೇ ಅರ್ಥಗಳನ್ನು ಓದಿಕೊಂಡು, ಅದೇ ಪ್ರಶ್ನೆಗಳಿಗೆ ಉತ್ತರ ಬರೆದರೆ ಹಳೆಯ ವಾರಗಳೊಡನೆ ಹೋಲಿಸಲು ಸಾಕಾಗುತ್ತದೆ.